ಹಿರಿಯರ ಫೋಲ್ಡರಿನಲ್ಲಿ ನಿಲ್ಲದ ಅತ್ತೆ

ಮೊದಲ ಶಿಫ್ಟು ಮುಗಿಸಿ ಬಾಶೆಟ್ಟಿಹಳ್ಳಿಯಿಂದ ಮನೆಗೆ ಬಂದು, ಕೈಕಾಲು ತೊಳೆದು ಲ್ಯಾಪ್‌ಟಾಪ್ ತೆರೆದರೆ, ಪರದೆಯ ಕೆಳಮೂಲೆಯಲ್ಲಿ ಎರಡು ಪುಟ್ಟ ನೀಲಿ ಬಾಣಗಳು ಒಂದರ ಹಿಂದೆ ಒಂದು ಸುತ್ತುತ್ತಿರುತ್ತವೆ. ಅವು ಸುತ್ತುವಷ್ಟು ಹೊತ್ತು ನಾನು ಏನೂ ಮಾಡುವುದಿಲ್ಲ. ಟೀ ಲೋಟ ಹಿಡಿದು ಸುಮ್ಮನೆ ನೋಡುತ್ತಿರುತ್ತೇನೆ. ಅತ್ತ ನಂದಗುಡಿ ಪಕ್ಕದ ನಮ್ಮ ಹಳ್ಳಿಯಲ್ಲಿ, ಕೊಟ್ಟಿಗೆಗೂ ನಡುಮನೆಗೂ ಮಧ್ಯೆ ಇರುವ ಕೋಣೆಯಲ್ಲಿ ಇನ್ನೊಂದು ಕಂಪ್ಯೂಟರ್ ಇದೆ. ಅದರೊಳಗಿರುವ ಅಜ್ಜ, ಮುತ್ತಜ್ಜಿಯರೇ ಇದರೊಳಗೂ ಇದ್ದಾರೆ. ಅಲ್ಲಿ ಯಾರಾದರೂ ಅಲುಗಾಡಿದರೆ ಇಲ್ಲೂ ಅಲುಗಾಡುತ್ತಾರೆ. ಬಾಣಗಳು ನಿಂತು ಹಸಿರು ಗುರುತು ಬಿದ್ದಾಗ, ಮೇಯಲು ಹೋದ ದನವೆಲ್ಲ ಬಂದು ಕೊಟ್ಟಿಗೆ ಸೇರಿದವು ಎನ್ನುವಂಥ ಒಂದು ನೆಮ್ಮದಿ.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅಪ್ಪ ಹೆಬ್ಬೆಟ್ಟು, ಅಮ್ಮ ಹೆಬ್ಬೆಟ್ಟು, ತಮ್ಮ ಹತ್ತನೇ ಕ್ಲಾಸಿನಲ್ಲಿ ಗಣಿತಕ್ಕೆ ಕೈಮುಗಿದು ಹೊರಬಂದವನು. ನಾನು ಎರಡು ಬಸ್ಸು ಬದಲಿಸಿ ಹೊಸಕೋಟೆಯ ಕಾಲೇಜಿಗೆ ಹೋಗಿ, ಹೋಗುವಾಗಲೂ ಬರುವಾಗಲೂ ನಿಂತೇ ಪ್ರಯಾಣ ಮಾಡಿ ಬಿ.ಎಸ್ಸಿ. ಮುಗಿಸಿದೆ. ಸರ್ಟಿಫಿಕೇಟ್ ಕೈಗೆ ಬಂದ ದಿನವೇ ಲ್ಯಾಮಿನೇಷನ್ ಮಾಡಿಸಿದೆ. ಡಿಗ್ರಿ ಸರ್ಟಿಫಿಕೇಟನ್ನು ಲ್ಯಾಮಿನೇಷನ್ ಮಾಡಿಸಬಾರದು ಎಂದು ಹೇಳಲು ನಮ್ಮ ಮನೆಯಲ್ಲಿ ಅದಕ್ಕೂ ಮುಂಚೆ ಡಿಗ್ರಿ ಪಡೆದವರು ಯಾರಿದ್ದರು? ಇವತ್ತಿಗೂ ಅದು ಪ್ಲಾಸ್ಟಿಕ್ಕಿನೊಳಗೆ ಫಳಫಳ ಹೊಳೆಯುತ್ತದೆ. ಈಗ ನಾನು ಒಂದು ಔಷಧಿ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಒಂದೇ ಕಡತ ಎರಡು ಕಡೆ ಇದ್ದು, ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆಯೂ ತಾನಾಗಿ ತಿದ್ದಿಕೊಳ್ಳುವ ವಿದ್ಯೆಯನ್ನು ಅಲ್ಲೇ ಕಲಿತದ್ದು.

ಊರಿನ ಕಡೆ ಜಮೀನು ಕೇಳಿಕೊಂಡು ಕಾರುಗಳು ಬರತೊಡಗಿದಾಗ ಪ್ರತಿ ಮನೆಯ ಟ್ರಂಕೂ ಬಾಯಿ ತೆರೆಯಿತು. ಎಲ್ಲರಿಗೂ ವಂಶವೃಕ್ಷ ಬೇಕಿತ್ತು. ನಮ್ಮ ಟ್ರಂಕಿನಲ್ಲಿ ಅಂಚು ಕರಗಿದ ಪಹಣಿಗಳ ಜೊತೆ ಒಂದಷ್ಟು ಫೋಟೋ ಸಿಕ್ಕವು. ಹೆಸರುಗಳು ಮಾತ್ರ ಅಪ್ಪನ ಬಾಯಲ್ಲಿದ್ದವು. ಪಿತೃಪಕ್ಷದ ಅಮಾವಾಸ್ಯೆಗೆ ಎಡೆ ಇಡುವಾಗ ಅಪ್ಪ ನಮ್ಮ ಅಜ್ಜನ ಅಜ್ಜನಿಂದ ಹಿಡಿದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಊಟಕ್ಕೆ ಕರೆಯುತ್ತಿದ್ದ. ಅಪ್ಪ ಹೋದ ಮೇಲೆ ಬಂದ ಮೊದಲ ಅಮಾವಾಸ್ಯೆಯ ಮಾರನೇ ದಿನ ತಮ್ಮ ಫೋನ್ ಮಾಡಿದ.

“ಅಕ್ಕಾ, ಮೂರನೇ ಹೆಸ್ರಿಗೇ ಗಾಡಿ ನಿಂತೋಯ್ತು. ಅಮ್ಮ ಹಿಂದಿಂದ ಹೇಳ್ಕೊಡ್ತಿದ್ಲು, ಪರೀಕ್ಷೇಲಿ ಕಾಪಿ ಹೊಡ್ದಂಗೆ ಹೊಡ್ದೆ. ನೀನ್ ಎಲ್ಲಾನೂ ಬರ್ದು ಕಂಪ್ಯೂಟರಲ್ಲಿ ಹಾಕ್ಬಿಡು, ಮುಂದಿನ ವರ್ಷ ನೋಡ್ಕೊಂಡ್ ಕರೀತೀನಿ.”

“ಎರಡು ಕಡೇನೂ ಹಾಕ್ತೀನಿ ಬಿಡು. ನಿಂದೊಂದು, ನಂದೊಂದು.”

“ಎರಡ್ಯಾಕೆ?”

“ಅಜ್ಜ ಬಿತ್ತನೆ ರಾಗೀನ ಒಂದೇ ಮನೇಲಿ ಇಡ್ತಿದ್ನೇನೋ?”

ಅಷ್ಟು ಸಾಕಾಯಿತು. ನಮ್ಮ ಕಡೆ ಹಿಂದೆ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವಿಗೆ ನೀರು ಇಳಿದರೆ ವರ್ಷದ ಅನ್ನವೇ ಹೋಯಿತು. ಅದಕ್ಕೇ ಬಿತ್ತನೆಗೆಂದು ತೆಗೆದ ರಾಗಿಯಲ್ಲಿ ಅರ್ಧವನ್ನು ನೆಂಟರ ಮನೆಗೆ ಕಳಿಸುವುದು, ಅವರ ಅರ್ಧ ನಮ್ಮಲ್ಲಿ ಇರುವುದು ರೂಢಿ. ಕ್ಲೌಡ್ ಎಂದರೇನು ಎಂದು ತಮ್ಮನಿಗೆ ನಾನು ಬೇರೆ ಪಾಠ ಮಾಡಲಿಲ್ಲ.

ಕಾರ್ಖಾನೆಯಲ್ಲಿ ಹಳತಾಯಿತೆಂದು ಮಾರಿದ ಕಂಪ್ಯೂಟರೊಂದನ್ನು ಊರಿಗೆ ಸಾಗಿಸಿದೆ. ಒಬ್ಬೊಬ್ಬರಿಗೂ ಒಂದೊಂದು ಫೋಲ್ಡರ್ ಮಾಡಿ, ಮುಚ್ಚಳದ ಮೇಲೆ ಅವರ ಫೋಟೋ ಕಾಣುವ ಹಾಗೆ ಮಾಡಿದೆ. ಫೋಟೋ ಇಲ್ಲದವರೇ ಹೆಚ್ಚು. ಮುತ್ತಜ್ಜಿಗೆ ಅವಳು ಬೀಸುತ್ತಿದ್ದ ರಾಗಿಕಲ್ಲಿನ ಫೋಟೋ ಹಾಕಿದೆ. ಅಜ್ಜನ ಅಪ್ಪನಿಗೆ ಅವನು ನೆಟ್ಟ ಹುಣಸೆಮರ. ಅವನ ಅಪ್ಪನದು ಎನ್ನುವ ವಸ್ತು ಏನೂ ಉಳಿದಿರಲಿಲ್ಲ. ಅವನು ನೀರು ಕಟ್ಟುತ್ತಿದ್ದನಂತೆ ಎನ್ನುವ ಕಾಲುವೆಯ ತಿರುವಿಗೆ ಹೋಗಿ, ಅಲ್ಲಿ ಬಿದ್ದಿದ್ದ ಬೆಳಗಿನ ಬಿಸಿಲನ್ನು ತೆಗೆದುಕೊಂಡು ಬಂದೆ. ಪರದೆಯ ಮೇಲೆ ಕಲ್ಲು, ಮರ, ಬಿಸಿಲು, ಪೇಟ ಕಟ್ಟಿದ ಅಜ್ಜ, ಅಪ್ಪ. ಎಲ್ಲರೂ ಸಾಲಾಗಿ ಕುಳಿತಿದ್ದಾರೆ.

ಇಂಥ ಚಿಕ್ಕ ಫೋಲ್ಡರುಗಳನ್ನೆಲ್ಲ ಮೂರು ದೊಡ್ಡ ಫೋಲ್ಡರುಗಳಲ್ಲಿ ಹಾಕಿದೆ. ಒಂದು ‘ಹಿರಿಯರು’. ಒಂದು ‘ಇರುವವರು’, ಅದರಲ್ಲಿ ಅಮ್ಮ, ತಮ್ಮನ ಸಂಸಾರ, ಮತ್ತೆ ತಮ್ಮ ನನ್ನನ್ನು ಕೇಳದೆ ಸೇರಿಸಿದ ಅವನ ಸೀಮೆಹಸು. ಇನ್ನೊಂದು ‘ಮನೆ ಹೆಣ್ಣುಮಕ್ಕಳು’. ಅದರಲ್ಲಿ ನಾನು ಮತ್ತು ದೊಡ್ಡಪ್ಪನ ಇಬ್ಬರು ಹೆಣ್ಣುಮಕ್ಕಳು, ಕೊಟ್ಟ ಮನೆಗಳಲ್ಲಿ ಇರುವವರು. ಆ ಮೂರನೆಯದನ್ನು ಮಾಡಿದ ಮೇಲೆ ನಾನು ತೆರೆದಿದ್ದೇ ಇಲ್ಲ. ನನ್ನ ಮುಖವನ್ನು ನಾನೇನು ನೋಡುವುದು?

ಅಮ್ಮ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಅವಳ ಕೈಗೂ ಮೌಸ್ ಕೊಟ್ಟೆ.

“ಒತ್ತಿ ಹಿಡ್ಕೋ. ಬಿಡ್ಬೇಡ. ಹಂಗೇ ಎಳ್ಕೊಂಡೋಗು. ಈಗ ಬಿಡು.”

“ಅಯ್ಯೋ, ಪೈರು ಕಿತ್ತು ನಾಟಿ ಹಾಕ್ದಂಗೆ ಕಣೇ ಇದು” ಎಂದಳು. ಅಜ್ಜನನ್ನು ಎತ್ತಿ ಸೀಮೆಹಸುವಿನ ಪಕ್ಕಕ್ಕೆ ಇಟ್ಟಳು, ಮತ್ತೆ ತಂದು ಸಾಲಿಗೆ ಸೇರಿಸಿದಳು. ಓದು ಬಾರದ ಅಮ್ಮನಿಗೆ ಮುಚ್ಚಳದ ಮೇಲಿನ ಮುಖವೇ ಹೆಸರು. ಸಂಜೆ ಹಾಲು ಕರೆದು ಡೇರಿಗೆ ಕಳಿಸಿದ ಮೇಲೆ ತಮ್ಮ ತನ್ನ ಮೊಬೈಲಿನಿಂದ ನೆಟ್ ಕೊಟ್ಟು ತರಕಾರಿ ರೇಟು ನೋಡುತ್ತಾನೆ. ಅವನು ಎದ್ದ ಮೇಲೆ ಅಮ್ಮ ಸ್ವಲ್ಪ ಹೊತ್ತು ಕೂತು ಇವರನ್ನೆಲ್ಲ ನೋಡುತ್ತಾಳೆ ಎಂದು ತಮ್ಮ ಹೇಳಿದ್ದ. ಒಳ್ಳೆಯದೇ ಆಯಿತೆಂದುಕೊಂಡು ಮರೆತೆ.

ಈಗ ಅತ್ತೆಯ ವಿಷಯ ಹೇಳಬೇಕು.

ಅತ್ತೆ ಅಪ್ಪನ ತಂಗಿ. ಬೂದಿಗೆರೆ ಕಡೆಗೆ ಕೊಟ್ಟಿದ್ದರು. ಮದುವೆಯಾದ ಎರಡನೇ ವರ್ಷ ಒಂದು ಬೆಳಿಗ್ಗೆ ತಲೆಯ ಮೇಲೆ ಟ್ರಂಕು ಹೊತ್ತುಕೊಂಡು ನಡೆದೇ ವಾಪಸು ಬಂದಳಂತೆ. ಯಾಕೆ ಬಂದಳೆಂದು ಅವಳು ಹೇಳಲಿಲ್ಲ, ಅಪ್ಪ ಕೇಳಲಿಲ್ಲ. ಊರಿನವರು “ಗಂಡ ಬಿಟ್ಬಿಟ್ನಂತೆ ಪಾಪ” ಎಂದರೆ ಮಾತ್ರ ಅತ್ತೆಗೆ ತಡೆಯುತ್ತಿರಲಿಲ್ಲ. “ಅವನಲ್ಲ, ನಾನ್ ಬಿಟ್ಟಿದ್ದು. ಮಾತಾಡೋದಾದ್ರೆ ಸರ್ಯಾಗ್ ಮಾತಾಡಿ” ಎನ್ನುತ್ತಿದ್ದಳು. ಕರಿಮಣಿ, ಕುಂಕುಮ ಕೊನೆಯವರೆಗೂ ತೆಗೆಯಲಿಲ್ಲ. ಕೇಳಿದರೆ, “ಅವನಿಗೋಸ್ಕರ ಅಲ್ಲ ಕಣೇ, ನಂಗ್ ಚೆನ್ನಾಗ್ ಕಾಣ್ಸುತ್ತೆ.”

ಅವಳಿಗೂ ಅಮ್ಮನಿಗೂ ಒಂದು ದಿನವೂ ಹೊಂದಲಿಲ್ಲ. ಜಗಳವೆಲ್ಲ ಒಲೆಯ ಮುಂದೆ. ಅದರಲ್ಲೂ ಉಪ್ಪಿಗೆ. ಅಮ್ಮ ಹಾಕಿದ್ದೇನೆ ಎಂದರೂ ಅತ್ತೆ ಕೇಳುವಳು. ಹಾಕಿದ ಮೇಲೂ ತಾನೊಂದು ಚಿಟಿಕೆ ಹಾಕುವಳು. ಸಾರು ಉಪ್ಪಾದರೆ ಇಬ್ಬರೂ ಒಬ್ಬರ ಮೇಲೊಬ್ಬರು ಹೇಳುವರು. ಅಪ್ಪ ನೀರು ಕುಡಿದುಕೊಂಡು ಉಣ್ಣುತ್ತಿದ್ದ. ನಾನು ಆ ಜಗಳದ ಸದ್ದಿನಲ್ಲೇ ಓದಿದವಳು.

ಓದಿಸಿದವಳೂ ಅತ್ತೆಯೇ. ಅವಳಿಗೆ ಅಕ್ಷರ ಬಾರದು. ಆದರೆ ದಿನಾ ಎದುರಿಗೆ ಕೂರಿಸಿಕೊಂಡು “ಜೋರಾಗ್ ಓದು, ತಪ್ಪಿದ್ರೆ ಹೇಳ್ತೀನಿ” ಎನ್ನುವಳು. ನಿಜವಾಗಲೂ ಹೇಳುತ್ತಿದ್ದಳು. ಗೊತ್ತಿಲ್ಲದ ಪದ ಬಂದರೆ ನಾನು ಮೂಗು ಉಜ್ಜಿಕೊಳ್ಳುತ್ತಿದ್ದೆನಂತೆ. ಪಿ.ಯು.ಸಿ. ಮುಗಿದಾಗ ಒಂದು ಗಂಡು ಗೊತ್ತಾಗುವುದರಲ್ಲಿತ್ತು. ಅಪ್ಪ ಅರ್ಧ ಒಪ್ಪಿಯೂ ಆಗಿತ್ತು. ಅತ್ತೆ ಹೊಸ್ತಿಲ ಮೇಲೆ ಕೂತು, ರಾಗಿ ಹಸನು ಮಾಡುತ್ತಾ, ಮೊರದಿಂದ ಕಣ್ಣೆತ್ತದೆ ಹೇಳಿದಳು:

“ಒಬ್ಳನ್ನ ಕೊಟ್ಟು ನೋಡಿದ್ದಾಯ್ತಲ್ಲಣ್ಣ. ಇವಳನ್ನ ಓದ್ಸಿ ನೋಡು.”

ಅಪ್ಪ ಎದ್ದು ಹೊಲಕ್ಕೆ ಹೋದ. ಮಾರನೇ ವಾರ ನಾನು ಹೊಸಕೋಟೆ ಬಸ್ಸಿನಲ್ಲಿದ್ದೆ.

ಡಿಗ್ರಿ ಬಂದಾಗ ಸ್ಟುಡಿಯೋದಲ್ಲಿ ಕಪ್ಪು ಗೌನು ಹಾಕಿಕೊಂಡು ಫೋಟೋ ತೆಗೆಸಿಕೊಂಡೆ. ಗೌನು ಸ್ಟುಡಿಯೋದವರದೇ, ಹಿಂದೆ ಪಿನ್ನು ಚುಚ್ಚಿ ಬಿಗಿ ಮಾಡಿದ್ದರು. ಅತ್ತೆ ಕ್ಯಾಮೆರಾದವನ ಪಕ್ಕದಲ್ಲಿ ನಿಂತು “ಹಲ್ ಬಿಡ್ಬೇಡ್ವೇ, ಡಿಗ್ರಿ ಆದೋರು ನಗಲ್ಲ” ಎಂದಳು. ಅದಕ್ಕೇ ಆ ಫೋಟೋದಲ್ಲಿ ನಾನು ನಗು ಕಚ್ಚಿ ಹಿಡಿದಿದ್ದೇನೆ.

ಕೊನೆಯ ದಿನಗಳಲ್ಲಿ ಅವಳಿಗೊಂದು ಚಿಂತೆ ಹತ್ತಿತ್ತು. ನಮ್ಮಲ್ಲಿ ಕೊಟ್ಟ ಹೆಣ್ಣಿಗೆ ಗಂಡನ ಮನೆಯಲ್ಲೇ ಎಡೆ. ತವರಿನಲ್ಲಿ ಇಡುವುದಿಲ್ಲ.

“ನಾನ್ ಸತ್ಮೇಲೆ ಯಾರ್ ಮನೆ ಬಾಗ್ಲಿಗ್ ಹೋಗ್ಲಿ ಹೇಳೇ? ಅಲ್ಲಿ ಇಡಲ್ಲ. ಇಲ್ಲಿ ಇಡಂಗಿಲ್ಲ.”

“ನಮ್ಮನೆಗೇ ಬಾ ಅತ್ತೆ. ನಾನ್ ಇಡುಸ್ತೀನಿ.”

“ಡಿಗ್ರಿಯೋಳು ಹೇಳಿದ್ಮೇಲೆ ಆಯ್ತು ಬಿಡು” ಎಂದು ಗೋಡೆ ಕಡೆ ತಿರುಗಿ ಮಲಗಿದಳು.

ಆಮೇಲೆ ನಾಲ್ಕು ಅಮಾವಾಸ್ಯೆ ಕಳೆದವು. ನಾಲ್ಕಕ್ಕೂ ನಾನು ಹೋಗಲಿಲ್ಲ. ಒಮ್ಮೆ ಶಿಫ್ಟು, ಒಮ್ಮೆ ಆಡಿಟ್ಟು, ಒಮ್ಮೆ ಜ್ವರ, ಒಮ್ಮೆ ಏನೆಂದು ನೆನಪಿಲ್ಲ. ಕೊಟ್ಟ ಮಾತು ಮಾತ್ರ ಒಳಗೆಲ್ಲೋ ಸುತ್ತುತ್ತಲೇ ಇತ್ತು, ಹಸಿರು ಗುರುತು ಬೀಳದ ಕಡತದಂತೆ.

ಈ ವರ್ಷ ಗೌರಿ ಹಬ್ಬಕ್ಕೂ ರಜೆ ಸಿಗಲಿಲ್ಲ. ಎಂದಿನಂತೆ ತಮ್ಮ ಬೈಕಿನಲ್ಲಿ ಬಂದು ತವರಿನ ಬಾಗಿನ ಕೊಟ್ಟುಹೋದ. ಮೊರ ದಾರಿಯಲ್ಲಿ ಮುರಿಯುತ್ತದೆಂದು ಅಮ್ಮ ಒಳಗಿನ ಸಾಮಾನು ಮಾತ್ರ ಚೀಲಕ್ಕೆ ಹಾಕಿ ಕಳಿಸುತ್ತಾಳೆ. ಎರಡು ರವಿಕೆ ಕಣ, ಎರಡು ಡಜನ್ ಬಳೆ, ಎರಡು ಅರಿಶಿನದ ಪೊಟ್ಟಣ. “ಎರಡೆರಡು ಯಾಕಮ್ಮಾ?” ಎಂದರೆ “ಇರ್ಲಿ ಇಟ್ಕೋ” ಎನ್ನುತ್ತಾಳೆ. ಕಾರ್ಖಾನೆಯೊಳಗೆ ಬಳೆ ಹಾಕುವ ಹಾಗಿಲ್ಲ. ಎಲ್ಲವನ್ನೂ ಡಬ್ಬಿಗೆ ಹಾಕಿದೆ.

ಅದೇ ವಾರ ಅತ್ತೆಯ ಫೋಲ್ಡರ್ ಮಾಡಿ ‘ಹಿರಿಯರು’ ಒಳಗೆ ಅಪ್ಪನ ಪಕ್ಕ ಇಟ್ಟೆ. ನಾಲ್ಕು ಫೋಟೋ, ಒಂದು ಧ್ವನಿ. ಹಿಂದೊಮ್ಮೆ ಅಡುಗೆಮನೆಯಲ್ಲಿ ಹೊಸ ಮೊಬೈಲು ಪರೀಕ್ಷೆ ಮಾಡುವಾಗ ಸಿಕ್ಕ ಧ್ವನಿ. ಒಗ್ಗರಣೆ ಚಟಪಟ ಎನ್ನುತ್ತದೆ, ಆಮೇಲೆ ಅತ್ತೆ: “ಅತ್ತಿಗೇ, ಸಾರಿಗೆ ಉಪ್ ಹಾಕಿದೀಯೋ ಇಲ್ವೋ?” ಉತ್ತರ ಬರುವ ಮುಂಚೆ ನಾನು ನಿಲ್ಲಿಸಿಬಿಟ್ಟಿದ್ದೆ. ಅವಳ ದನಿ ಎಂದು ನಮ್ಮಲ್ಲಿ ಉಳಿದಿರುವುದು ಅಷ್ಟೇ. ಈಗ ತಮ್ಮ ನೋಡಿಕೊಂಡು ಹೆಸರು ಕರೆಯುವಾಗ ಕೊನೆಯಲ್ಲಿ ಅತ್ತೆಯನ್ನೂ ಕರೆಯುತ್ತಾನೆ, ನಾನು ಕೊಟ್ಟ ಮಾತು ತೀರಿತು ಎಂದುಕೊಂಡೆ.

ಎರಡು ದಿನ ಬಿಟ್ಟು ತೆರೆದರೆ ಅತ್ತೆ ಇಲ್ಲ.

ರಾಗಿಕಲ್ಲು ಇದೆ, ಹುಣಸೆಮರ ಇದೆ, ಅಪ್ಪ ಇದ್ದಾನೆ. ಅತ್ತೆ ಇದ್ದ ಜಾಗ ಮುಚ್ಚಿಕೊಂಡಿದೆ. ಒಂದು ಕಡೆ ಅಳಿಸಿದರೆ ಎರಡೂ ಕಡೆ ಅಳಿಸಿಹೋಗುತ್ತದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತು. ಪೆನ್‌ಡ್ರೈವಿನಲ್ಲಿ ಫೋಟೋಗಳಿದ್ದವು, ಧ್ವನಿ ಇರಲಿಲ್ಲ. ಅತ್ತೆಯ ಬಾಯಿ ಮುಚ್ಚಿಹೋಯಿತು ಎಂದುಕೊಂಡೆ. ಫೋಟೋಗಳನ್ನು ಮತ್ತೆ ತಂದು ‘ಅತ್ತೆ ಹೊಸದು’ ಎಂದು ಇಟ್ಟೆ. ಎರಡು ದಿನಕ್ಕೆ ಅದೂ ಇಲ್ಲ. ‘ಅ‌ತ್ತೆ ಕೊನೆಯದು’ ಎಂದು ಇಟ್ಟೆ. ಅದೂ ಹೋಯಿತು.

“ಲೇ, ಹಿರಿಯರ ಫೋಲ್ಡರ್ ಮುಟ್ಟಿದ್ಯೇನೋ?” ಎಂದು ತಮ್ಮನಿಗೆ ಫೋನ್ ಮಾಡಿದೆ.

“ನಾನ್ಯಾಕಕ್ಕ ಮುಟ್ಲಿ? ಟೊಮೇಟೊಗೆ ಔಷಧಿ ಹೊಡೆಯಕ್ ಪುರುಸೊತ್ತಿಲ್ಲ, ಸತ್ತೋರ್ ಜೊತೆ ಆಟ ಆಡ್ಲಾ?”

“ಅತ್ತೆ ಇಲ್ಲ ಅದ್ರಲ್ಲಿ.”

“ಅತ್ತೇನ ಅಲ್ಲಿಗ್ಯಾಕ್ ಹಾಕ್ದೆ? ಅಪ್ಪ ಎಡೆಗೆ ಅವಳನ್ನ ಕರೀತಿರ್ಲಿಲ್ಲ.”

“ಅಪ್ಪ ಕರೀದಿದ್ರೆ ನಾವೂ ಕರೀಬಾರ್ದೇನೋ?”

“ನನ್ನೇನ್ ಕೇಳ್ತೀಯ, ಅಮ್ಮನ್ ಕೇಳು.”

ಅಮ್ಮನನ್ನು ನಾನು ಕೇಳಲಿಲ್ಲ. ಕೇಳುವುದೇನಿದೆ, ಉತ್ತರ ನನಗೆ ಗೊತ್ತಿತ್ತು. ಅಮ್ಮ ಹೇಳಿರುತ್ತಾಳೆ, ಇವನು ಅಳಿಸಿರುತ್ತಾನೆ. ಉಪ್ಪಿನ ಜಗಳ. ಕಂಪ್ಯೂಟರಿನಲ್ಲಿ ಹುಡುಕುವುದಕ್ಕೆ ಒಂದು ಜಾಗ ಇರುತ್ತದೆ, ಅಲ್ಲಿ ಎರಡಕ್ಷರ ಒತ್ತಿದ್ದರೆ ಸಾಕಿತ್ತು. ದಿನಾ ಕಾರ್ಖಾನೆಯಲ್ಲಿ ನೂರು ಕಡತ ಹುಡುಕುವವಳು, ಅವತ್ತು ಒತ್ತಲಿಲ್ಲ. ಮನಸ್ಸು ತೀರ್ಮಾನ ಮಾಡಿಯಾದ ಮೇಲೆ ಕೈ ಹುಡುಕುವುದಿಲ್ಲ.

ಆ ದಿನಗಳಲ್ಲಿ ಕೆಲಸದ ಮಧ್ಯೆ ಕಣ್ಣು ತೆರೆದೇ ಕನಸು ಬೀಳುತ್ತಿತ್ತು. ದೇವನಹಳ್ಳಿ ದಾಟಿ ಸೂಲಿಬೆಲೆಯ ಕಡೆ ಹೋಗುವ ರಸ್ತೆ. ಎರಡೂ ಬದಿ ಹೊಸ ಲೇಔಟುಗಳ ಕಲ್ಲುಕಂಬ. ಅತ್ತೆ ತಲೆಯ ಮೇಲೆ ಟ್ರಂಕು ಹೊತ್ತು ನಡೆಯುತ್ತಿದ್ದಾಳೆ. ನನ್ನ ಮನೆಯಿಂದ ಹೊರಡುತ್ತಾಳೆ, ಊರು ಮುಟ್ಟುವಷ್ಟರಲ್ಲಿ ಬಾಗಿಲು ಹಾಕಿರುತ್ತದೆ. ತಿರುಗಿ ನನ್ನ ಮನೆಗೆ ಬರುತ್ತಾಳೆ, ನಾನು ಶಿಫ್ಟಿಗೆ ಹೋಗಿರುತ್ತೇನೆ. ದಣಿವಿಲ್ಲ ಅವಳಿಗೆ, ಸಿಟ್ಟೂ ಇಲ್ಲ. ಸೀರೆಯ ನೆರಿಗೆ ಮಾತ್ರ ಧೂಳಾಗಿರುತ್ತದೆ. “ಮೇಡಂ, ಸೈನು” ಎಂದು ಯಾರೋ ಕರೆದಾಗ ಎಚ್ಚರವಾಗುತ್ತಿತ್ತು.

ನಮ್ಮ ಯಜಮಾನರ ಮನೆಯ ಎಡೆ ಹಿಂದಿನ ಭಾನುವಾರವೇ ಮುಗಿದಿತ್ತು. ಅಮಾವಾಸ್ಯೆಯ ದಿನ ರಜೆ ಹಾಕಿ, ಒಂದು ಹೊಸ ಹಸಿರು ಸೀರೆ ತೆಗೆದುಕೊಂಡು ಊರಿಗೆ ಹೊರಟೆ. ಹೆಸರಿನ ಪಟ್ಟಿಯನ್ನು ಕಾಗದದ ಮೇಲೆ ಪ್ರಿಂಟ್ ತೆಗೆದುಕೊಂಡಿದ್ದೆ, ಕೊನೆಯಲ್ಲಿ ಅತ್ತೆಯ ಹೆಸರು ದಪ್ಪಕ್ಷರದಲ್ಲಿ. ಕಾಗದವನ್ನು ಐವತ್ತು ಕಿಲೋಮೀಟರ್ ಆಚೆಯಿಂದ ಯಾರೂ ಅಳಿಸಲಾರರು.

ನಾನು ಮನೆ ಸೇರಿದಾಗ ಬಿಸಿಲು ಇಳಿಯುತ್ತಿತ್ತು. ನಡುಮನೆಯಲ್ಲಿ ಬಾಳೆಎಲೆಗಳ ಸಾಲು. ಮುದ್ದೆ, ಕೋಳಿಸಾರು, ವಡೆ, ಕಜ್ಜಾಯ, ಮಡಿಸಿಟ್ಟ ಹೊಸ ಪಂಚೆ, ಸೀರೆ. ಅಪ್ಪನ ಎಲೆಯ ಪಕ್ಕ ಬೀಡಿಕಟ್ಟು. ತಮ್ಮ ಒದ್ದೆ ಕೂದಲಲ್ಲಿ ನಿಂತಿದ್ದ.

“ಅಮ್ಮ, ಅತ್ತೆಗೂ ಒಂದೆಲೆ ಹಾಕು” ಎಂದೆ.

“ಹಾಕಲ್ಲ.”

“ಸತ್ತೋಳ ಮೇಲೂ ಸಿಟ್ಟಾ? ಉಪ್ಪಿನ ಜಗಳ ಇನ್ನೂ ಮುಗ್ದಿಲ್ವಾ ನಿಂದು?”

ತಮ್ಮ “ಅಕ್ಕಾ…” ಎಂದು ನನ್ನ ಕೈ ಹಿಡಿದ. ಅಮ್ಮ ನನ್ನ ಕೈಯಲ್ಲಿದ್ದ ಹಸಿರು ಸೀರೆಯನ್ನು ನೋಡಿದಳು, ಆಮೇಲೆ ಎಲೆಗಳನ್ನು ನೋಡಿದಳು.

“ಎಡೆ ಆರೋಯ್ತದೆ. ಮೊದ್ಲು ಅವ್ರಿಗೆ ಬಾಗ್ಲು ಹಾಕಣ. ಆಮೇಲ್ ಜಗಳ ಆಡು, ಜಗುಲೀಲಿ ಬೇಕಾದಷ್ಟು ಜಾಗ ಐತೆ.”

ತಮ್ಮ ಪಟ್ಟಿ ಹಿಡಿದು ಕರೆದ. ಅಜ್ಜನ ಅಜ್ಜನಿಂದ ಶುರುಮಾಡಿ ಅಪ್ಪನವರೆಗೆ ಬಂದು, ದಪ್ಪಕ್ಷರದ ಹೆಸರಿನ ಮುಂದೆ ನಿಂತು, ನನ್ನ ಮುಖ ನೋಡಿ ಕಾಗದ ಮಡಿಸಿದ. ಧೂಪ ಹಾಕಿ, ನಾವೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಿದೆವು. ಎಡೆ ಇಟ್ಟ ಮೇಲೆ ಸ್ವಲ್ಪ ಹೊತ್ತು ಬಾಗಿಲು ಹಾಕಿಡಬೇಕು, ಹಿರಿಯರು ಬಂದು ಉಣ್ಣುವಾಗ ಬದುಕಿರುವವರು ನೋಡಬಾರದು.

ಜಗುಲಿಯ ಮೇಲೆ ಕೂತೆವು. ಎದುರು ಮನೆಯವರೂ ತಮ್ಮ ಜಗುಲಿಯ ಮೇಲೆ ಕೂತಿದ್ದರು, ಅವರ ಪಕ್ಕದವರೂ. ಆ ಒಂದು ಹೊತ್ತು ನಮ್ಮ ಬೀದಿಯಲ್ಲಿ ಬದುಕಿರುವವರೆಲ್ಲ ಹೊರಗೆ, ಹೋದವರೆಲ್ಲ ಒಳಗೆ. ಯಾರೂ ಜೋರಾಗಿ ಮಾತಾಡುವುದಿಲ್ಲ. ಬಾಗಿಲಿನ ಸಂದಿಯಿಂದ ಧೂಪದ ಹೊಗೆ ಎಳೆಯೆಳೆಯಾಗಿ ಬಂದು ಸಂಜೆಯ ಬೆಳಕಿನಲ್ಲಿ ಕರಗುತ್ತಿತ್ತು.

“ಯಾಕ್ ಬಾಗ್ಲು ಹಾಕ್ತೀವಿ ಹೇಳು, ಓದಿದೀಯಲ್ಲ” ಎಂದಳು ಅಮ್ಮ, ಮೆಲ್ಲಗೆ.

“ನಾವು ನೋಡ್ಬಾರ್ದು ಅಂತ.”

“ಯಾಕ್ ನೋಡ್ಬಾರ್ದು?”

“ಅವ್ರು ಬೇರೆ ಕಡೆಯೋರಾಗಿರ್ತಾರೆ. ನಾವು ಈ ಕಡೆಯೋರು.”

“ಹೂಂ. ಅವ್ರಿಗೆ ಬಾಗ್ಲು ಹಾಕ್ತೀವಿ. ಮನೆ ಮಗಳು ತವರಿಗ್ ಬಂದ್ರೆ ಯಾರಾದ್ರೂ ಬಾಗ್ಲು ಹಾಕ್ತಾರಾ?”

ನಾನು ಮುಚ್ಚಿದ ಬಾಗಿಲಿನ ಕಡೆ ತಿರುಗಿ ನೋಡಿದೆ.

“ಈ ಸಾಲಲ್ ಕೂರ್ಸುದ್ರೆ ಅವಳು ವರ್ಷಕ್ಕೊಂದ್ ಸಲ ಕದ ಹಾಕ್ಸ್ಕೊಂಡು, ಯಾರ್ ಮುಖಾನೂ ನೋಡ್ದೆ ತಿಂದೋಗ್ಬೇಕು. ನಿಮ್ಮಪ್ಪನೂ ಅದಕ್ಕೇ ಕರೀತಿರ್ಲಿಲ್ಲ. ನಾನ್ ಅವಳನ್ನ ಗೌರಿ ಹಬ್ಬುಕ್ ಕರೀತೀನಿ. ಕದ ತೆಗ್ದಿಟ್ಟು.”

“ಗೌರಿ ಹಬ್ಬಕ್ಕಾ?”

“ಮತ್ತೆ? ನಿಂಗೊಂದ್ ಬಾಗಿನ, ಅವಳಿಗೊಂದ್ ಬಾಗಿನ. ಅಣ್ಣ ಇಲ್ದಿದ್ರೆ ಅತ್ತಿಗೆ ಕೊಡ್ಬೇಕು. ಅವಳ್ದು ಹಸಿರು ಕಣ, ಹಸಿರು ಬಳೆ. ತುಳಸಿಕಟ್ಟೆ ಮುಂದಿಟ್ಟು, ಹೆಸ್ರು ಹಿಡ್ದು ಕರ್ದು, ಸಂಜೆಗಂಟ ಇಟ್ಟಿರ್ತೀನಿ. ಆಮೇಲ್ ನಿಂಗ್ ಕಳಿಸ್ತೀನಿ. ಅವಳು ಸಾಕಿದ್ ಕೂಸು ನೀನು. ಇನ್ಯಾರಿಗ್ ಕೊಡ್ಲಿ?”

ನನ್ನ ಮನೆಯ ಡಬ್ಬಿ ಕಣ್ಣ ಮುಂದೆ ಬಂತು. ನಾಲ್ಕು ವರ್ಷದ ಹಸಿರು ಬಳೆ. ಬಿಡಿಸದೆ ಇಟ್ಟ ಹಸಿರು ಕಣಗಳು. ಅವೆಲ್ಲ ಅಮ್ಮನ ಧಾರಾಳತನ ಎಂದುಕೊಂಡಿದ್ದೆ. ಅತ್ತೆ ನಾಲ್ಕು ವರ್ಷದಿಂದ ತವರಿಗೆ ಬಂದು, ಬಾಗಿನ ಹಿಡಿದು, ತಮ್ಮನ ಬೈಕು ಹತ್ತಿ ನೇರವಾಗಿ ನನ್ನ ಮನೆಗೆ ಬರುತ್ತಿದ್ದಳು. ನಾನು ಅವಳನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚುತ್ತಿದ್ದೆ.

“ಹೇಳಕ್ ಏನಾಗಿತ್ತಮ್ಮ?”

“ಹೇಳೋದೇನ್ ಬಂತು. ಹಬ್ಬುಕ್ ಬಂದಿದ್ರೆ ನೋಡಿರ್ತಿದ್ದೆ.”

ತಮ್ಮನಿಗೆ ಬೇರೆ ಯೋಚನೆ. “ಹಂಗಾದ್ರೆ ಫೋಲ್ಡರಿಂದ ಅತ್ತೇನ ತೆಗ್ದಿದ್ದು ಯಾರು?”

“ತೆಗ್ದಿದ್ದಾ? ನಾನೆಲ್ ತೆಗ್ದೆ? ಆ ಮುದುಕರ ಮಧ್ಯೆ ಕೂತಿದ್ಲು, ಕರ್ಕೊಂಡೋಗಿ ಇವಳ ಪಕ್ಕ ಕೂರಿಸ್ದೆ. ಎರಡ್ ದಿನ ಬಿಟ್ ನೋಡುದ್ರೆ ಮತ್ತೆ ಅಲ್ಲೇ ಹೋಗವ್ಳೆ! ಮತ್ತೆ ಕರ್ಕೊಂಬಂದೆ. ಮತ್ತೆ ಹೋಗವ್ಳೆ! ಬದ್ಕಿದ್ದಾಗ್ಲೂ ಹಂಗೇ, ಹೇಳಿದ್ ಜಾಗದಲ್ ಕೂತೋಳಲ್ಲ.”

ತಮ್ಮನಿಗೆ ನಗು ಒತ್ತರಿಸಿಕೊಂಡು ಬಂತು. ನನಗೂ. ಅಮ್ಮ ಇಬ್ಬರ ತೊಡೆಯ ಮೇಲೂ ಒಂದೊಂದು ಏಟು ಹಾಕಿದಳು. “ಶ್! ಊಟ ಮಾಡ್ತಾವ್ರೆ.” ಎದುರು ಜಗುಲಿಯವರು ನಮ್ಮ ಕಡೆ ನೋಡಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ನಗುವೋ ಅಳುವೋ ಅವರಿಗೂ ತಿಳಿದಿರಲಾರದು.

ಬಾಗಿಲು ಮೂರು ಸಲ ತಟ್ಟಿ, ಒಳಗಿರುವವರು ಏಳಲಿ ಎಂದು ಒಂದು ಗಳಿಗೆ ಬಿಟ್ಟು, ತೆರೆದೆವು. ಎಲೆಯ ಮೇಲಿನ ವಡೆಗಳು ಹಾಗೇ ಇದ್ದವು, ಅಪ್ಪನ ಬೀಡಿಯೂ. ಆದರೂ ಯಾರೋ ಈಗಷ್ಟೇ ಎದ್ದುಹೋದ ಮನೆಯ ಹಾಗೆ ಗಾಳಿ ಬೆಚ್ಚಗಿತ್ತು.

ಊಟವಾದ ಮೇಲೆ ಅಮ್ಮನೇ ಕಂಪ್ಯೂಟರ್ ಮುಂದೆ ಕೂತಳು. ನಾನು ಎಂದೂ ತೆರೆಯದ ‘ಮನೆ ಹೆಣ್ಣುಮಕ್ಕಳು’ ತೆರೆದಳು. ನಗು ಕಚ್ಚಿ ಹಿಡಿದ ಕಪ್ಪು ಗೌನಿನ ನಾನು. ನನ್ನ ಪಕ್ಕ ಅತ್ತೆ. ಅವಳ ಪಕ್ಕ ಅತ್ತೆ. ಅವಳ ಪಕ್ಕ ಮತ್ತೆ ಅತ್ತೆ. ಅಳಿಸಿಹೋದಳೆಂದು ನಾನು ಒಂದೊಂದೇ ಕಳಿಸಿದ ಮೂವರೂ, ಅಮ್ಮ ಒಬ್ಬೊಬ್ಬರನ್ನೇ ಕೈಹಿಡಿದು ಕರೆತಂದು ಕೂರಿಸಿದ್ದ ಜಾಗದಲ್ಲಿ, ಕುಂಕುಮ ಇಟ್ಟುಕೊಂಡು ಕೂತಿದ್ದರು.

“ಇದ್ರಲ್ ಮಾತಾಡೋಳು ಈ ಮೊದಲ್ನೇಳು ಮಾತ್ರ” ಎಂದು ಅಮ್ಮ ಒತ್ತಿದಳು. ಒಗ್ಗರಣೆ ಚಟಪಟ ಎಂದಿತು. “ಅತ್ತಿಗೇ, ಸಾರಿಗೆ ಉಪ್ ಹಾಕಿದೀಯೋ ಇಲ್ವೋ?”

“ಹಾಕಿದೀನಿ ಕಣೇ” ಎಂದಳು ಅಮ್ಮ, ಪರದೆಗೆ. ಆಮೇಲೆ ನನಗೆ: “ದಿನಾ ಕೇಳ್ತಾಳೆ, ದಿನಾ ಹೇಳ್ತೀನಿ. ನಂಬಲ್ಲ.”

ಹೊರಡುವಾಗ ಹಸಿರು ಸೀರೆಯನ್ನು ನನ್ನ ಚೀಲಕ್ಕೇ ವಾಪಸು ಹಾಕಿದಳು. “ಗೌರಿಗ್ ತಗೊಂಬಾ. ಕಳಿಸ್ಬೇಡ, ನೀನೇ ಬಾ.”

ಭಾನುವಾರ ಸಂಜೆ ಸಣ್ಣ ಸೋನೆ ಹಿಡಿದಿತ್ತು. ಲ್ಯಾಪ್‌ಟಾಪ್ ತೆರೆದು ಮೂವರು ಅತ್ತೆಯರನ್ನು ನೋಡುತ್ತಾ ಕೂತಿದ್ದೆ. ಇಬ್ಬರು ಹೆಚ್ಚಾಗಿದ್ದಾರೆ, ತೆಗೆಯಬೇಕು ಎನಿಸಿದರೂ ಕೈ ಹೋಗಲಿಲ್ಲ. ಅಷ್ಟರಲ್ಲಿ ನೀಲಿ ಬಾಣಗಳು ತಾವಾಗಿ ಸುತ್ತತೊಡಗಿದವು. ಸಾಲಿನ ಕೊನೆಯ ಅತ್ತೆ ಮಾಯವಾದಳು. ಸ್ವಲ್ಪ ಹೊತ್ತಿಗೆ ಮಧ್ಯದವಳು. ಅಲ್ಲಿ ತಮ್ಮ ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿರಬೇಕು, ಅಮ್ಮ ರಾಗಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸುತ್ತಿರಬೇಕು. ನಾನು ಏನನ್ನೂ ಮುಟ್ಟಿರಲಿಲ್ಲ. ಗೌನಿನ ಹುಡುಗಿಯ ಪಕ್ಕ ಮಾತಾಡುವ ಅತ್ತೆ ಒಬ್ಬಳೇ ಉಳಿದಳು. ಹಸಿರು ಗುರುತು ಬಿತ್ತು. ಎದ್ದು ಡಬ್ಬಿ ತೆಗೆದು ಹಸಿರು ಬಳೆಗಳನ್ನು ಕೈಗೆ ಏರಿಸಿಕೊಂಡೆ. ಮಾರನೇ ದಿನ ಬೆಳಿಗ್ಗೆ ಶಿಫ್ಟಿಗೆ ಮುಂಚೆ ಬಿಚ್ಚಲೇಬೇಕಿತ್ತು, ಆದರೂ.

ಸೋಮವಾರ ರಜೆ ಅರ್ಜಿ ಬರೆದುಕೊಟ್ಟೆ. ನಮ್ಮ ಸೂಪರ್‌ವೈಸರ್ ಕಾಗದ ನೋಡಿ ನಕ್ಕರು.

“ಏನ್ ಮೇಡಂ, ಗೌರಿ ಹಬ್ಬ ಈಗ ತಾನೇ ಮುಗೀತು. ಮುಂದಿಂದಕ್ಕೆ ಇನ್ನೂ ಹನ್ನೊಂದ್ ತಿಂಗ್ಳಿದೆ.”

“ಇರ್ಲಿ ಸಾರ್, ಈಗ್ಲೇ ಬರ್ಕೊಳಿ” ಎಂದೆ. “ಇಬ್ರು ಹೋಗ್ಬೇಕು.”